ಥ್ರೋ-ಇನ್‌ಗೆ ಆಫ್‌ಸೈಡ್ ಯಾಕಿಲ್ಲ?

ವರ್ಲ್ಡ್ ಕಪ್ ಬಂತೆಂದರೆ ಆಫೀಸಿನಲ್ಲಿ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಗೋಲ್‌ಕೀಪರ್ ಪಕ್ಕದಲ್ಲಿ ಹೋಗಿ ನಿಂತವನಿಗೆ ಚೆಂಡು ಒದ್ದು ಕೊಟ್ಟರೆ ಆಫ್‌ಸೈಡ್, ಗೆರೆಯಾಚೆಯಿಂದ ಕೈಯಲ್ಲಿ ಎಸೆದು ಕೊಟ್ಟರೆ ಅಲ್ಲ. ಇದ್ಯಾವ ನ್ಯಾಯ ರೀ?

ನ್ಯಾಯ ಇದೆ, ಆದರೆ ಅದು ಬರೋಕೆ 57 ವರ್ಷ ಹಿಡೀತು!

1863ರಲ್ಲಿ ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಶನ್ ಬರೆದ ಮೊದಲ ನಿಯಮಗಳಲ್ಲಿ, ಹೊರಗೆ ಹೋದ ಚೆಂಡನ್ನು ಮೊದಲು ಮುಟ್ಟಿದವನೇ ಎಸೆಯಬೇಕಿತ್ತು, ಅದೂ ಗೆರೆಗೆ ಲಂಬವಾಗಿ. ಮುಂದಕ್ಕೆ ಎಸೆಯುವ ಮಾತೇ ಇರಲಿಲ್ಲ. 1877ರಲ್ಲಿ ಶೆಫೀಲ್ಡ್ ಕಡೆಯವರ ಜೊತೆ ರಾಜಿಯಾಗಿ, ಯಾವ ದಿಕ್ಕಿಗಾದರೂ ಎಸೆಯಬಹುದು ಅಂತಾಯ್ತು. ಆದರೆ ಆಫ್‌ಸೈಡ್ ಹಾಗೇ ಉಳೀತು. ಆಗಿನ ಲೆಕ್ಕದಲ್ಲಿ ನಿಮ್ಮ ಮುಂದೆ ಎದುರಾಳಿಗಳು ಮೂವರಾದರೂ ಇರಬೇಕು.

ಎಡವಟ್ಟು ಇಲ್ಲೇ ನೋಡಿ. ಕಷ್ಟಕ್ಕೆ ಸಿಕ್ಕ ಡಿಫೆಂಡರ್ ಚೆಂಡನ್ನು ಹೊರಗೆ ಒದೀತಾನೆ. ಎಸೆತವೇನೋ ಎದುರಾಳಿಗೇ ಸಿಗುತ್ತೆ, ಆದರೆ ಮುಂದಿರುವ ತಮ್ಮ ಹುಡುಗನಿಗೆ ಎಸೆದರೆ ಆಫ್‌ಸೈಡ್. ಅಂದರೆ ಹೊರಗೆ ಹಾಕಿದವನಿಗೇ ಲಾಭ! 1920ರಲ್ಲಿ ಥ್ರೋ-ಇನ್‌ಗೆ ವಿನಾಯಿತಿ ಕೊಟ್ಟರು. ಐದು ವರ್ಷದ ನಂತರ, 1925ರಲ್ಲಿ, ಮೂವರ ಲೆಕ್ಕ ಇಬ್ಬರಿಗೆ ಇಳೀತು. ಪುಸ್ತಕಗಳೆಲ್ಲ 1925ನ್ನೇ ಹೊಗಳುತ್ತವೆ, ಪಾಪ 1920ನ್ನು ಕೇಳೋರಿಲ್ಲ :) ನಮ್ಮ ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ರೋವರ್ಸ್ ಕಪ್ ಗೆಲ್ಲುವ ಹೊತ್ತಿಗೆ ಇವೆರಡೂ ಹಳೇ ಮಾತು.

ವಿನಾಯಿತಿ ಮೊದಲ ಮುಟ್ಟಿನವರೆಗೆ ಮಾತ್ರ. ಇದನ್ನು ನಮ್ಮ ಬೈಲಹೊಂಗಲ, ಸವದತ್ತಿ ಕಡೆಯ ಕಬಡ್ಡಿ ಹುಡುಗರಿಗೆ ವಿವರಿಸೋದು ಸುಲಭ. ಮೈಗೆ ಮೈ ತಾಗುವ ತನಕ ಲಾಬಿ ಅಂಗಳದ ಹೊರಗೆ, ತಾಗಿದ ಕೂಡಲೇ ಒಳಗೆ. ಜಾಗ ಅದೇ, ಒಂದು ಮುಟ್ಟಿಗೆ ನಿಯಮ ತಿರುವುಮುರುವು.

2016ರ ಯೂರೋ ಕಪ್‌ನಲ್ಲಿ ಐಸ್‌ಲ್ಯಾಂಡ್ ಇಂಗ್ಲೆಂಡನ್ನು 2-1ರಿಂದ ಸೋಲಿಸಿದ್ದು ನೆನಪಿದೆಯಾ? ಮೊದಲ ಗೋಲು ಬಂದದ್ದು ಗುನ್ನಾರ್ಸನ್‌ನ ಉದ್ದನೆಯ ಥ್ರೋ-ಇನ್‌ನಿಂದ. ಆರ್ನಾಸನ್ ತಲೆಯಿಂದ ಮುಂದಕ್ಕೆ ದಾಟಿಸಿದ, ಸಿಗುರ್ಡ್ಸನ್ ಒಳಗೆ ಹಾಕಿದ. ಆರ್ನಾಸನ್ ಎಲ್ಲಿ ನಿಂತಿದ್ದರೂ ನಡೀತಿತ್ತು. ಸಿಗುರ್ಡ್ಸನ್‌ಗೆ ಆ ರಿಯಾಯಿತಿ ಇಲ್ಲ, ಆರ್ನಾಸನ್‌ನ ತಲೆ ತಾಗಿದ ಕ್ಷಣಕ್ಕೆ ಅವನು ಆನ್‌ಸೈಡ್ ಇರಲೇಬೇಕು. ಎಸೆದವನೇ ಒಳಗೆ ಓಡಿಬಂದು ಪಾಸ್ ವಾಪಸ್ ತಗೊಂಡ್ರೂ ಅಷ್ಟೇ. ಆ ಪಾಸ್ ಕೊಡುವಾಗ ಅವನು ಆಫ್‌ಸೈಡ್ ಜಾಗದಲ್ಲಿದ್ದರೆ ಬಾವುಟ ಏಳುತ್ತೆ.