ಹದಿನೆಂಟರ ಗೆರೆ: ಹದಿಹರೆಯದ ಪ್ರೀತಿ ಮತ್ತು ಪೋಕ್ಸೊ

ಪಶ್ಚಿಮ ಬಂಗಾಳದ 14 ವರ್ಷದ ಹುಡುಗಿಯೊಬ್ಬಳು 2018ರಲ್ಲಿ ಮನೆ ಬಿಟ್ಟು, 25 ವರ್ಷದ ಯುವಕನೊಂದಿಗೆ ಸಂಸಾರ ಹೂಡಿದಳು. ತಾಯಿ ಪೊಲೀಸರಿಗೆ ದೂರು ಕೊಟ್ಟರು. ಮುಂದೆ ಮಗುವೂ ಆಯಿತು. 2022ರಲ್ಲಿ ವಿಶೇಷ ನ್ಯಾಯಾಲಯ ಯುವಕನಿಗೆ 20 ವರ್ಷ ಜೈಲು ವಿಧಿಸಿತು. ಅವನನ್ನು ಬಿಡಿಸಲು ಸಾಲ ಮಾಡಿ ಓಡಾಡಿದವಳು ಕಾನೂನಿನ ಕಣ್ಣಿನಲ್ಲಿ ‘ಸಂತ್ರಸ್ತೆ’ ಆಗಿದ್ದ ಅದೇ ಹುಡುಗಿ.

ಕಾಯ್ದೆ ಹೇಳುವುದೇನು?

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಮಗುವಿನ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ, ‘ನಾನೇ ಇಷ್ಟಪಟ್ಟು ಹೋದೆ’ ಎಂದು ಹುಡುಗಿ ಕಟಕಟೆಯಲ್ಲಿ ನಿಂತು ಹೇಳಿದರೂ ಅದು ಅತ್ಯಾಚಾರವೇ. ಆಕೆ ಗರ್ಭಿಣಿಯಾದರೆ ಅಥವಾ ಸಂಬಂಧ ಒಂದಕ್ಕಿಂತ ಹೆಚ್ಚು ಸಲ ನಡೆದಿದ್ದರೆ ಅಪರಾಧ ‘ಉಗ್ರ ಸ್ವರೂಪದ್ದು’ ಆಗುತ್ತದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಶಿಕ್ಷೆ 20 ವರ್ಷ. ಕಡಿಮೆ ಮಾಡುವ ಅಧಿಕಾರ ವಿಚಾರಣಾ ನ್ಯಾಯಾಧೀಶರಿಗಿಲ್ಲ.

ಹುಡುಗನಿಗೂ 18 ತುಂಬಿಲ್ಲದಿದ್ದರೆ ಅವನು ಬಾಲ ನ್ಯಾಯ ಮಂಡಳಿಯ ಎದುರು ನಿಲ್ಲಬೇಕು. ವಿಷಯ ತಿಳಿದೂ ಪೊಲೀಸರಿಗೆ ಹೇಳದಿರುವುದು ವೈದ್ಯರಿಗೂ 19ನೇ ಕಲಮಿನಡಿ ತಪ್ಪು. ಆಸ್ಪತ್ರೆಗೆ ಬರಲು ಹುಡುಗಿಯರು ಹೆದರುವುದಕ್ಕೆ ಇದೂ ಒಂದು ಕಾರಣ. ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತೆಯ ಹೆಸರು, ಗುರುತನ್ನು ವೈದ್ಯರು ಪೊಲೀಸರಿಗೆ ಕೊಡಬೇಕಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಭಯ ಸ್ವಲ್ಪ ಸಡಿಲವಾಗಬೇಕಿತ್ತು.

ಹತ್ತರಿಂದ ಹದಿನೆಂಟಕ್ಕೆ

ಸಮ್ಮತಿಯ ವಯಸ್ಸಿನ ಜಗಳ ಬಂಗಾಳದ ರಾಜಧಾನಿ ಕೋಲ್ಕತ್ತಕ್ಕೆ ಹೊಸದಲ್ಲ. 1860ರ ದಂಡ ಸಂಹಿತೆ ಆ ವಯಸ್ಸನ್ನು 10 ಎಂದು ಇಟ್ಟಿತ್ತು. 1890ರಲ್ಲಿ ಇದೇ ನಗರದಲ್ಲಿ ಫೂಲ್ಮೊನಿ ದಾಸಿ ಎಂಬ ಬಾಲವಧು ಗಂಡನ ಬಲಾತ್ಕಾರದಿಂದ ರಕ್ತಸ್ರಾವವಾಗಿ ಸತ್ತಳು. ಅವಳಿಗೆ ಹತ್ತು ದಾಟಿತ್ತು, ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಅದು ಅತ್ಯಾಚಾರವಲ್ಲ! ಗಂಡನಿಗೆ ಸಿಕ್ಕಿದ್ದು ಒಂದು ವರ್ಷದ ಸಜೆ. ಮರುವರ್ಷ ವಯಸ್ಸು 12ಕ್ಕೆ ಏರಿತು. ಧರ್ಮ ಕೆಟ್ಟಿತೆಂದು ಕೋಲ್ಕತ್ತದ ಮೈದಾನದಲ್ಲಿ ಜನ ಸೇರಿ ಕೂಗಿದರು, ಪುಣೆಯಲ್ಲಿ ತಿಲಕರೂ ವಿರೋಧಿಸಿದರು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ತಂದ ಶಿಶುವಿವಾಹ ತಡೆ ಕಾನೂನು ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯಿತು, ಅದೇ ಆಗ ದೊಡ್ಡ ಹೆಜ್ಜೆ.

ಸಮ್ಮತಿಯ ವಯಸ್ಸು 1925ರಲ್ಲಿ 14, 1940ರ ದಶಕದಲ್ಲಿ 16, ಕೊನೆಗೆ 2012ರಲ್ಲಿ 18. ಒಂದೊಂದು ಏರಿಕೆಯ ಹಿಂದೆಯೂ ಬಾಲೆಯರನ್ನು ದೊಡ್ಡವರಿಂದ ಕಾಪಾಡುವ ಉದ್ದೇಶವಿತ್ತು. ಒಂದೇ ಕಾಲೇಜಿನ ಇಬ್ಬರು ಹದಿನೇಳರವರು ಈ ಕಾನೂನಿನ ಬಲೆಗೆ ಬೀಳುವ ದಿನವನ್ನು ಅದನ್ನು ತಂದವರಾರೂ ಮನಸ್ಸಿಗೆ ತಂದುಕೊಂಡಂತಿಲ್ಲ.

ಕಲ್ಕತ್ತಾ ಹೈಕೋರ್ಟಿನ ಉಪದೇಶ

ಮೊದಲು ಹೇಳಿದ ಪ್ರಕರಣ ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋಯಿತು. 2023ರ ಅಕ್ಟೋಬರ್ 18ರಂದು ನ್ಯಾಯಮೂರ್ತಿಗಳಾದ ಚಿತ್ತರಂಜನ್ ದಾಶ್ ಮತ್ತು ಪಾರ್ಥಸಾರಥಿ ಸೇನ್ ಯುವಕನನ್ನು ಖುಲಾಸೆ ಮಾಡಿದರು. 16 ದಾಟಿದವರ ನಡುವಿನ ಒಪ್ಪಿತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚರ್ಚೆ ಬೇರೆ ದಾರಿ ಹಿಡಿಯುತ್ತಿತ್ತು. ಆದರೆ ಹದಿಹರೆಯದ ಹುಡುಗಿಯರು ಕಾಮನೆಗಳನ್ನು ಹತೋಟಿಯಲ್ಲಿಡಬೇಕೆಂಬ ಬುದ್ಧಿವಾದವನ್ನೂ ತೀರ್ಪಿಗೆ ಸೇರಿಸಿದರು. ನ್ಯಾಯ ಕೇಳಲು ಹೋದರೆ ನೀತಿಪಾಠ ಸಿಕ್ಕಿತು.

ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ 2024ರ ಆಗಸ್ಟ್ 20ರಂದು ಆ ತೀರ್ಪನ್ನು ತಳ್ಳಿಹಾಕಿ, ಪೋಕ್ಸೊ ಅಡಿ ಯುವಕ ತಪ್ಪಿತಸ್ಥನೆಂದು ಮತ್ತೆ ಎತ್ತಿಹಿಡಿಯಿತು. ಶಿಕ್ಷೆಯ ಮಾತಿಗೆ ಮುಂಚೆ ಹುಡುಗಿಯ ಸ್ಥಿತಿ ತಿಳಿಯಲು ತಜ್ಞರ ಸಮಿತಿ ನೇಮಿಸಿತು. ಸಮಿತಿ ಕಂಡದ್ದು ಇದು: ಕಾನೂನು ಅಪರಾಧವೆಂದು ಕರೆದ ಘಟನೆಗಿಂತ ಅವಳನ್ನು ಹೆಚ್ಚು ನೋಯಿಸಿದ್ದು ಅದರ ಬೆನ್ನಿಗೆ ಬಂದ ಪೊಲೀಸು, ಕೋರ್ಟು, ವರ್ಷಗಟ್ಟಲೆಯ ಅಲೆದಾಟ.

ಅಂಕಿಗಳು ಮತ್ತು ಧಾರವಾಡ

ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಪಶ್ಚಿಮ ಬಂಗಾಳ, ಅಸ್ಸಾಂ, ಮಹಾರಾಷ್ಟ್ರಗಳ ವಿಶೇಷ ನ್ಯಾಯಾಲಯಗಳು 2016ರಿಂದ 2020ರವರೆಗೆ ಕೊಟ್ಟ 7,064 ತೀರ್ಪುಗಳನ್ನು ಪರಿಶೀಲಿಸಿತು. 1,715 ತೀರ್ಪುಗಳು, ಅಂದರೆ ಸುಮಾರು ಕಾಲು ಭಾಗ, ಪ್ರೇಮ ಪ್ರಕರಣಗಳಿಗೆ ಸಂಬಂಧಿಸಿದವು. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಖುಲಾಸೆಯಾದವು. ಆದರೆ ಆ ಖುಲಾಸೆಗೆ ಮುಂಚಿನ ಬಂಧನ, ವಿಚಾರಣೆಗಳೇ ಹುಡುಗನಿಗೆ ಶಿಕ್ಷೆ.

ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಇಂಥದ್ದೇ ಪ್ರಕರಣ ಕಂಡಿತು. ಹದಿನೇಳರ ಹುಡುಗಿ ಹುಡುಗನೊಂದಿಗೆ ಓಡಿಹೋಗಿದ್ದಳು. ಕೇಸು ಮೇಲ್ಮನವಿಗೆ ಬರುವಷ್ಟರಲ್ಲಿ ಅವರು ಗಂಡ-ಹೆಂಡತಿ, ಮಕ್ಕಳ ತಂದೆ-ತಾಯಿ. ವಯಸ್ಸಿನ ಮಿತಿಯನ್ನು ಮರುಪರಿಶೀಲಿಸುವಂತೆ ಪೀಠ ಕಾನೂನು ಆಯೋಗಕ್ಕೆ ಹೇಳಿತು. 2023ರ ವರದಿಯಲ್ಲಿ ಆಯೋಗ 18ರಿಂದ ಇಳಿಸುವುದು ಬೇಡವೆಂದಿತು. 16ರಿಂದ 18ರವರ ಒಪ್ಪಿತ ಸಂಬಂಧಗಳಲ್ಲಿ ಶಿಕ್ಷೆಯ ಪ್ರಮಾಣವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬಹುದೆಂದಷ್ಟೇ ಸಲಹೆ ಕೊಟ್ಟಿತು.

ಅಂತರದ ಲೆಕ್ಕ

ಕೆನಡಾದಲ್ಲಿ ಸಮ್ಮತಿಯ ವಯಸ್ಸು 16. ಆದರೂ 14-15ರವರು ತಮಗಿಂತ ಐದು ವರ್ಷದೊಳಗೆ ದೊಡ್ಡವರ ಜತೆ ಒಪ್ಪಿ ಸಂಬಂಧ ಬೆಳೆಸಿದರೆ ಅಪರಾಧವಲ್ಲ, ದೊಡ್ಡವರು ಶಿಕ್ಷಕರಂಥ ಅಧಿಕಾರದ ಸ್ಥಾನದಲ್ಲಿ ಇರಬಾರದು ಅಷ್ಟೇ. ಇಂಥ ವಿನಾಯಿತಿಗೆ ‘ರೋಮಿಯೊ-ಜೂಲಿಯೆಟ್ ಕಾನೂನು’ ಎಂಬ ಅಡ್ಡಹೆಸರಿದೆ. ನನ್ನ ಮಟ್ಟಿಗೆ ನ್ಯಾಯದ ಪ್ರಶ್ನೆ ಇರುವುದು 16 ಅಥವಾ 18 ಎಂಬ ಅಂಕಿಯಲ್ಲಲ್ಲ, ಇಬ್ಬರ ನಡುವಿನ ಅಂತರದಲ್ಲಿ. ಆ ಅಳತೆಯಲ್ಲಿ ಬಂಗಾಳದ ಪ್ರಕರಣ ಹದಿಹರೆಯದ ಪ್ರೇಮಕ್ಕೆ ಒಳ್ಳೆಯ ಉದಾಹರಣೆಯೇ ಅಲ್ಲ, 14 ಮತ್ತು 25ರ ನಡುವೆ ಹನ್ನೊಂದು ವರ್ಷವಿದೆ. ಧಾರವಾಡದ ಪ್ರಕರಣ ಬೇರೆ. ನಮ್ಮ ಕಾಯ್ದೆ ಮಾತ್ರ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ.

2025ರ ಮೇ 23ರಂದು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿ ಬಳಸಿ, ಯುವಕ ತಪ್ಪಿತಸ್ಥನಾದರೂ ಶಿಕ್ಷೆ ಅನುಭವಿಸಬೇಕಿಲ್ಲ ಎಂದಿತು. ಹುಡುಗಿಯ ಮತ್ತು ಮಗುವಿನ ಓದಿನ ಹೊಣೆಯನ್ನು ರಾಜ್ಯ ಸರ್ಕಾರಕ್ಕೆ ವಹಿಸಿತು. 142ನೇ ವಿಧಿಯ ಅಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ ಮಾತ್ರ. ಪೋಕ್ಸೊ 6ನೇ ಕಲಮಿನ ಕನಿಷ್ಠ ಶಿಕ್ಷೆಯನ್ನು ಈ ಆದೇಶ ಬದಲಿಸಿಲ್ಲ, ಅದು 20 ವರ್ಷವೇ.