ಕೈಗಾದ ಒಲೆಗೆ ಅಪ್ಪಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ—ಈ ಸೀಮೆಯವರಿಗೆ ಕಲ್ಲೂ ಸಿಮೆಂಟೂ ನಿತ್ಯದ ಮಾತು. ಚಿಂಚೋಳಿಯ ಕೆಂಪು ನೆಲವನ್ನೂ ಅದರಾಚೆಯ ಕುಂಚಾವರಂ ಕಾಡನ್ನೂ ಬಿಟ್ಟರೆ, ಈ ಊರುಗಳ ಅಡಿಯಲ್ಲಿ ಬಹುಮಟ್ಟಿಗೆ ಹಬ್ಬಿರುವುದು ಸುಣ್ಣಗಲ್ಲಿನ ಪದರ. ಅದನ್ನು ಹಲಗೆಹಲಗೆಯಾಗಿ ಎಬ್ಬಿಸಿದರೆ ಶಹಾಬಾದದ ಫರಸಿ. ಅರೆದು ಸುಟ್ಟರೆ ಸಿಮೆಂಟು. ವಾಡಿಯ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಮುಂದೆ ಸೇಡಮ್ಮಿನಲ್ಲೂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮಗ್ಗುಲಲ್ಲೂ ಕಾರ್ಖಾನೆಯ ಚಿಮಣಿಗಳು ಎದ್ದವು.

ಕಾರವಾರ ತಾಲ್ಲೂಕಿನಲ್ಲಿ ಕಾಳೀ ನದಿಯ ದಂಡೆಯ ಮೇಲಿರುವ ಕೈಗಾ ಇಲ್ಲಿಂದ ಬಹು ದೂರ. ಅಲ್ಲಿಯದು ಕಾಡು, ಮಳೆ, ಘಟ್ಟ. ಇಲ್ಲಿಯದು ಬಿಸಿಲು, ತೊಗರಿ, ಬಂಡೆ. ಆದರೂ ಈ ಸೀಮೆಯವನಾದ ನಾನು ಕೈಗಾ ಅಣುವಿದ್ಯುತ್ ಸ್ಥಾವರದ ಇತಿಹಾಸವನ್ನು ಎತ್ತಿಕೊಂಡದ್ದಕ್ಕೆ ಎರಡು ಕಾರಣಗಳುಂಟು. ಆ ಸ್ಥಾವರದ ಆರಂಭ ಮೊದಲ ಸಲ ತಡವಾದದ್ದು ಕಾಂಕ್ರೀಟಿನ ದೆಸೆಯಿಂದ. ಎರಡನೆಯ ಸಲ, ಯುರೇನಿಯಮ್ಮಿನ ಅಭಾವದಿಂದ. ಕಾಂಕ್ರೀಟು ನಮ್ಮ ಸೀಮೆಯ ಕಸುಬಿಗೆ ಸೇರಿದ್ದು. ಯುರೇನಿಯಂ ನಮ್ಮ ಕಲ್ಲಿನ ಕೆಳಗೇ ಇದೆ.

ಅಣುಸ್ಥಾವರವನ್ನು ಕಟ್ಟಿ ಮುಗಿಸಿದ ಮಾತ್ರಕ್ಕೆ ಅದನ್ನು ಚಾಲೂ ಮಾಡುವ ಹಕ್ಕು ಕಟ್ಟಿದವರಿಗೆ ಬರುವುದಿಲ್ಲ. ಅಪ್ಪಣೆ ಬೇಕು. ಆ ಅಪ್ಪಣೆಯನ್ನು ಕೊಡುವುದಕ್ಕಾಗಿ 1962ರ ಅಣುಶಕ್ತಿ ಕಾಯ್ದೆಯ ಅಡಿಯಲ್ಲಿ 1983ರ ನವೆಂಬರ್ 15ರಂದು ಅಣುಶಕ್ತಿ ನಿಯಂತ್ರಣ ಮಂಡಳಿಯೊಂದು ರಚಿತವಾಯಿತು. ಸ್ಥಾವರಗಳನ್ನು ಕಟ್ಟಿ ನಡೆಸುವ ಅಣುವಿದ್ಯುತ್ ನಿಗಮ ಹುಟ್ಟಿದ್ದು 1987ರಲ್ಲಿ. ಕೇಳುವವರು ನಿಗಮದವರು, ಕೊಡುವವರು ಮಂಡಳಿಯವರು. ಕಾಗದದ ಮೇಲೆ ಇದು ಚೆನ್ನಾದ ಏರ್ಪಾಡೇ. ಆದರೆ ಆ ದಿನಗಳಲ್ಲಿ ಮಂಡಳಿ ಲೆಕ್ಕ ಒಪ್ಪಿಸಬೇಕಾಗಿದ್ದುದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿಗಳು. ನಿಗಮವಿದ್ದುದು ಅದೇ ಇಲಾಖೆಯ ಕೈಕೆಳಗೆ. ಅರ್ಜಿ ಬರೆದವರೂ ಅರ್ಜಿ ನೋಡುವವರೂ ಒಬ್ಬ ಯಜಮಾನನ ಮನೆಯವರೇ. ಹೀಗಿರುವಾಗ ‘ಬೇಡ’ ಅಥವಾ ‘ತಡೆಯಿರಿ’ ಎನ್ನುವ ಧೈರ್ಯ ಆ ಮನೆಯೊಳಗೆ ಹುಟ್ಟೀತೆ? ಕೈಗಾದ ಇತಿಹಾಸವನ್ನು ನಾನು ಓದುವುದು ಈ ಪ್ರಶ್ನೆಯನ್ನಿಟ್ಟುಕೊಂಡು.

ಕೈಗಾದ ಮೊದಲನೆಯ ಘಟಕಕ್ಕೆ ಕಾಂಕ್ರೀಟು ಸುರಿದದ್ದು 1989ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮುನ್ನವೇ ನಾಡಿನಲ್ಲಿ ವಾದವಿವಾದ ಜೋರಾಗಿತ್ತು. ಹೊನ್ನಾವರದ ಕಡೆ ಜನಸೇವೆಯಲ್ಲಿ ತೊಡಗಿದ್ದ ವೈದ್ಯೆ ಡಾ. ಕುಸುಮಾ ಸೊರಬ ಮುಂತಾದವರು ಹಳ್ಳಿಹಳ್ಳಿಗೆ ಹೋಗಿ ವಿರೋಧವನ್ನು ಸಂಘಟಿಸಿದರು. ಆ ವರ್ಷದ ನವೆಂಬರಿನ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಉತ್ತರ ಕನ್ನಡದಿಂದ ಅಭ್ಯರ್ಥಿಯಾಗಿ ನಿಂತರು. ಅವರಿಗಾಗ 87 ವರ್ಷ. ಗೆಲ್ಲಲಿಲ್ಲ. ಗೆಲ್ಲುವ ಭ್ರಮೆ ಅವರಿಗಿತ್ತೆಂದೂ ನನಗೆ ತೋರುವುದಿಲ್ಲ. ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂಬ ಕಡ್ಡಾಯ ನಿಯಮ ಈ ದೇಶಕ್ಕೆ ಬಂದದ್ದು 1997ರಲ್ಲಿ. ಕೈಗಾದ ಮೊದಲೆರಡು ಘಟಕಗಳಿಗೆ ಅಂಥ ಸಭೆಯ ಭಾಗ್ಯವಿರಲಿಲ್ಲ. ಆ ಮುದುಕರು ಊರೂರು ತಿರುಗಿ ಮಾಡಿದ ಚುನಾವಣಾ ಭಾಷಣಗಳೇ ಆ ಜನಕ್ಕೆ ದೊರೆತ ಅಹವಾಲು ಸಭೆ. ಅದೂ ಅಡಿಪಾಯ ಬಿದ್ದ ಮೇಲೆ.

ಕಟ್ಟಡ ಮೇಲೆದ್ದಿತು. ರಿಯಾಕ್ಟರಿನ ಸುತ್ತ ಎರಡು ಗೋಡೆಗಳು, ಒಂದರೊಳಗೊಂದು. ಒಳಗಿನ ಗೋಡೆಯ ನೆತ್ತಿಗೆ ಕಾಂಕ್ರೀಟಿನ ಗುಮ್ಮಟ. ಒಳಗೆ ಅನಾಹುತವಾಗಿ ಹಬೆ ಉಕ್ಕಿದರೆ ವಿಕಿರಣ ಹೊರಗೆ ಬಾರದಂತೆ ಹಿಡಿದಿಡಬೇಕಾದದ್ದು ಈ ಗುಮ್ಮಟವೇ. ಉಕ್ಕಿನ ತಂತಿಯ ಹುರಿಗಳನ್ನು ಕಾಂಕ್ರೀಟಿನೊಳಗೆ ಹಾಯಿಸಿ ಬಿಗಿದೆಳೆದು, ಗುಮ್ಮಟವನ್ನು ಮೊದಲೇ ಒತ್ತಡಕ್ಕೆ ಒಳಪಡಿಸಿ ಗಟ್ಟಿ ಮಾಡುತ್ತಾರೆ. 1994ರ ಮೇ 13ರಂದು, ಈ ಬಿಗಿಯುವ ಕೆಲಸ ಬಹುಮಟ್ಟಿಗೆ ಮುಗಿದಿದ್ದಾಗ, ಗುಮ್ಮಟದ ಒಳಮೈ ಪದರವಾಗಿ ಕಳಚಿಕೊಂಡು ಕೆಳಗೆ ಬಿತ್ತು. ಬಿದ್ದ ಕಾಂಕ್ರೀಟು ಸುಮಾರು 130 ಟನ್ನು. 14 ಮಂದಿ ಕೆಲಸಗಾರರು ಗಾಯಗೊಂಡರು. ಇಂಧನವನ್ನಿನ್ನೂ ತುಂಬಿರಲಿಲ್ಲ.

ನಮ್ಮ ಕಡೆಯ ಫರಸಿ ಗಣಿಯಲ್ಲಿ ದುಡಿದ ಯಾರಿಗಾದರೂ ಆ ಬಿರುಕಿನ ಮರ್ಮವನ್ನು ಹೇಳಿದರೆ ಕೂಡಲೇ ಹೊಳೆಯುತ್ತದೆ. ಹಾಸುಗಲ್ಲು ನೆತ್ತಿಯ ಮೇಲಿನ ಭಾರವನ್ನು ಎಷ್ಟಾದರೂ ತಾಳುತ್ತದೆ; ಪದರದ ಸಂದಿಗೆ ಉಳಿ ಹಾಕಿ ಎಬ್ಬಿಸಿದರೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಗುಮ್ಮಟದಲ್ಲಿ ಆದದ್ದೂ ಇದಕ್ಕೆ ಹತ್ತಿರದ್ದೇ. ಬಾಗಿದ ಹುರಿಯನ್ನು ಬಿಗಿದಾಗ ಅದು ನೆಟ್ಟಗಾಗಲು ಹವಣಿಸಿ ತನ್ನ ಕೆಳಗಿನ ಕಾಂಕ್ರೀಟನ್ನು ಒಳಮುಖವಾಗಿ ಒತ್ತುತ್ತದೆ. ಗುಮ್ಮಟದ ದಪ್ಪದುದ್ದಕ್ಕೂ ಮೇಲಿನ ಪದರ ಒಂದು ಕಡೆ, ಕೆಳಗಿನ ಪದರ ಇನ್ನೊಂದು ಕಡೆ ಎಳೆದಾಡುತ್ತವೆ. ಆ ಎಳೆತವನ್ನು ತಡೆಯಲು ಎರಡು ಮೈಗಳನ್ನು ಹೊಲಿದಂತೆ ಹಿಡಿದಿಡುವ ಅಡ್ಡ ಸರಳುಗಳು ಬೇಕು. ವಿನ್ಯಾಸದಲ್ಲಿ ಆ ಹೊಲಿಗೆ ಸಾಲದಾಗಿತ್ತು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬೆಯ ಸನ್ನಿಧಿಯ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದದ್ದರಿಂದಲೇ ಅಶೋಕನ ಶಾಸನ ಬೆಳಕಿಗೆ ಬಂದದ್ದು. ಛಾವಣಿ ಬಿದ್ದರೆ ಕೆಲವೊಮ್ಮೆ ಅಡಗಿದ್ದ ಬರೆಹ ಕಾಣುತ್ತದೆ. ಕೈಗಾದಲ್ಲಿ ಕಂಡದ್ದು, ಆ ಗುಮ್ಮಟದ ನಕ್ಷೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟವರ ಕಣ್ಣಿಗೂ ಈ ಕೊರತೆ ಬಿದ್ದಿರಲಿಲ್ಲವೆಂಬ ಸಂಗತಿ.

ನಿಗಮ ತನ್ನದೊಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ನಿಯಂತ್ರಣ ಮಂಡಳಿಯೂ ಬೇರೆಯಾಗಿ ತನ್ನ ಸಮಿತಿಯನ್ನು ನೇಮಿಸಿತು. ಆಗ ಮಂಡಳಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್; 1993ರಿಂದ 1996ರವರೆಗೆ ಆ ಸ್ಥಾನದಲ್ಲಿದ್ದು, ಇಳಿದ ಮೇಲೆ ಮಂಡಳಿಗೆ ಸ್ವಾತಂತ್ರ್ಯ ಸಾಲದೆಂದು ಬಹಿರಂಗವಾಗಿ ಹೇಳಿದವರು. ಕೆಲಸ ನಿಂತಿತು. ಇದನ್ನು ವಿಳಂಬವೆಂದು ಆಗ ಹಲವರು ಹಳಿದರು. ನನ್ನ ಮಟ್ಟಿಗೆ, ಕೈಗಾದ ಚರಿತ್ರೆಯಲ್ಲಿ ಅಪ್ಪಣೆಯೆಂಬ ಮಾತಿಗೆ ನಿಜವಾದ ತೂಕ ಬಂದ ಕಾಲ ಅದೇ. ಗುಮ್ಮಟವನ್ನು ಹೊಸದಾಗಿ ಲೆಕ್ಕ ಹಾಕಿದರು; ಅಡ್ಡ ಸರಳುಗಳನ್ನು ಸೇರಿಸಿದರು; ಸಿಲಿಕಾ ಧೂಳು ಬೆರೆಸಿದ, ಎಂ-60 ಎಂಬ ದರ್ಜೆಯ ಹೆಚ್ಚು ಬಲವುಳ್ಳ ಕಾಂಕ್ರೀಟನ್ನು ಬಳಸಿದರು. ರಾಜಸ್ಥಾನದಲ್ಲಿ ಕಟ್ಟುತ್ತಿದ್ದ ಇಂಥವೇ ಎರಡು ಘಟಕಗಳ ಗುಮ್ಮಟಗಳ ವಿನ್ಯಾಸವೂ ಬದಲಾಯಿತು.

ಇದರ ಫಲವಾಗಿ ಒಂದು ವಿಚಿತ್ರವಾಯಿತು: ಕೈಗಾದಲ್ಲಿ ಎರಡನೆಯ ಘಟಕ ಮೊದಲನೆಯದಕ್ಕಿಂತ ಒಂದು ವರ್ಷ ಮೊದಲೇ ಹೊತ್ತಿಕೊಂಡಿತು. ಎರಡನೆಯದು 1999ರ ಸೆಪ್ಟೆಂಬರ್ 24ರಂದು, ಮೊದಲನೆಯದು 2000ದ ಸೆಪ್ಟೆಂಬರ್ 26ರಂದು.

‘ಹೊತ್ತಿಕೊಳ್ಳುವುದು’ ಎಂದೆನಲ್ಲ, ಅದು ಕಡ್ಡಿ ಗೀರಿದಷ್ಟು ಸಲೀಸಲ್ಲ. ಅಪ್ಪಣೆಯೂ ಒಂದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹಲವು. ಸ್ಥಳಕ್ಕೆ ಒಂದು, ಕಟ್ಟುವುದಕ್ಕೆ ಒಂದು, ಚಾಲೂ ಮಾಡುವ ಒಂದೊಂದು ಹಂತಕ್ಕೆ ಒಂದೊಂದು. ಮೊದಲು ಗುಮ್ಮಟದೊಳಗೆ ಗಾಳಿಯನ್ನು ಒತ್ತಿ ತುಂಬಿ, ಗೋಡೆ ತಾಳುತ್ತದೆಯೇ, ಸೋರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಇಂಧನ ತುಂಬಲು ಅಪ್ಪಣೆ. ಕೈಗಾದ ಒಂದೊಂದು ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆಗಳು, ಕೊಳವೆಗೆ 12ರಂತೆ ಇಂಧನದ ಕಟ್ಟುಗಳು, ಒಟ್ಟು 3672. ಒಂದೊಂದು ಕಟ್ಟಿನ ಉದ್ದ ಸುಮಾರು ಅರ್ಧ ಮೀಟರು, ತುಂಬಿರುವ ಯುರೇನಿಯಂ 15 ಕಿಲೋದಷ್ಟು. ಆಮೇಲೆ ಭಾರಜಲವನ್ನು ತುಂಬಲು ಅಪ್ಪಣೆ. ಆ ಜಲದಲ್ಲಿ ಬೋರಾನ್ ಬೆರೆಸಿರುತ್ತಾರೆ. ಅದು ನ್ಯೂಟ್ರಾನುಗಳನ್ನು ನುಂಗಿ, ಸರಪಳಿ ಕ್ರಿಯೆ ಶುರುವಾಗದಂತೆ ಕಾಯುತ್ತದೆ. ಕೊನೆಗೆ ಬೋರಾನನ್ನು ಸ್ವಲ್ಪಸ್ವಲ್ಪವಾಗಿ ಸೋಸಿ ತೆಗೆಯುತ್ತ, ಪ್ರತಿ ಹೆಜ್ಜೆಗೂ ನ್ಯೂಟ್ರಾನುಗಳ ಎಣಿಕೆ ನೋಡುತ್ತ, ಕ್ರಿಯೆ ತನ್ನಿಂದ ತಾನೇ ನಡೆಯತೊಡಗುವ ಕ್ಷಣಕ್ಕೆ ಮುಟ್ಟುತ್ತಾರೆ. ಅಲ್ಲಿಯವರೆಗೆ ಆ ಕಟ್ಟುಗಳನ್ನು ಹೊರತೆಗೆದು ಪೆಟ್ಟಿಗೆಯಲ್ಲಿಡಬಹುದು. ಆ ಕ್ಷಣ ದಾಟಿದ ಮೇಲೆ, ನೂರಾರು ವರ್ಷ ಕಾಯಬೇಕಾದ ವಸ್ತುವೊಂದು ಹುಟ್ಟಿರುತ್ತದೆ. ಆದುದರಿಂದ ಎಲ್ಲ ಅಪ್ಪಣೆಗಳಲ್ಲಿ ಗುರುತರವಾದದ್ದು ಇದು. ವಿದ್ಯುತ್ ಜಾಲಕ್ಕೆ ಜೋಡಿಸುವುದು, ಶಕ್ತಿಯನ್ನು ಅರ್ಧಕ್ಕೆ, ಅನಂತರ ಪೂರ್ಣಕ್ಕೆ ಏರಿಸುವುದು, ಇವಕ್ಕೂ ಮುಂದೆ ಬೇರೆ ಬೇರೆ ಒಪ್ಪಿಗೆಗಳುಂಟು.

ಈ ಮೆಟ್ಟಿಲುಗಳಲ್ಲಿ ಒಂದರಲ್ಲೂ ಹೊರಗಿನವರಿಗೆ ಜಾಗವಿರಲಿಲ್ಲ. ತಜ್ಞರ ಸಮಿತಿ, ಅದರ ಮೇಲೆ ಇನ್ನೊಂದು ಸಮಿತಿ, ಅದರ ಮೇಲೆ ಮಂಡಳಿ—ಪರಿಶೀಲನೆ ಕಡಿಮೆಯೇನೂ ಅಲ್ಲ, ಆದರೆ ಎಲ್ಲವೂ ಮುಚ್ಚಿದ ಬಾಗಿಲೊಳಗೆ. 1962ರ ಕಾಯ್ದೆಯ 18ನೆಯ ಕಲಮು ಮಾಹಿತಿಯನ್ನು ಗುಟ್ಟಾಗಿಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನ ನೆನಪಾಗುತ್ತದೆ. ಎಷ್ಟು ಮಂದಿ ವಿದ್ಯಾರ್ಥಿಗಳು, ಎಷ್ಟು ಮಂದಿ ಉಪಾಧ್ಯಾಯರು, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಯಿಸಿ ಹೋಗಿಬರುವವರ ಕಣ್ಣೆದುರಿಗೆ ನಿಲ್ಲಿಸಿದ್ದರು. 2012ರಲ್ಲಿ ಲೆಕ್ಕಪರಿಶೋಧಕ ಮಹಾಲೇಖಪಾಲರ ವರದಿಯೂ ಮಂಡಳಿ ಸರಕಾರದ ಅಧೀನದಲ್ಲಿರುವುದನ್ನು ಎತ್ತಿ ತೋರಿಸಿತು.

ಮೂರನೆಯ ಘಟಕ 2007ರಲ್ಲಿ ಆರಂಭವಾಯಿತು. ಕಟ್ಟುವ ಕೆಲಸ ಈ ಸಲ ಚುರುಕಾಗಿಯೇ ನಡೆದಿತ್ತು. ನಾಲ್ಕನೆಯದರ ಕಥೆ ಬೇರೆ. ಒಲೆ ಸಿದ್ಧವಾಗಿತ್ತು, ಸೌದೆ ಇರಲಿಲ್ಲ. ಆ ವರ್ಷಗಳಲ್ಲಿ ದೇಶದ ಯುರೇನಿಯಂ ಸಾಲದೆ, ಓಡುತ್ತಿದ್ದ ಸ್ಥಾವರಗಳೂ ಅರೆಶಕ್ತಿಯಲ್ಲಿ ಓಡಿದವು. 2008ರಲ್ಲಿ ಹೊರದೇಶದಿಂದ ತರಿಸಿಕೊಳ್ಳುವ ದಾರಿ ತೆರೆಯಿತಾದರೂ ಕೈಗಾಕ್ಕೆ ಅದರಿಂದ ನೇರ ಪ್ರಯೋಜನವಾಗಲಿಲ್ಲ. 2006ರ ವಿಂಗಡಣೆಯಲ್ಲಿ ಕೈಗಾದ ನಾಲ್ಕೂ ಘಟಕಗಳು ಅಂತರರಾಷ್ಟ್ರೀಯ ತಪಾಸಣೆಯ ಹೊರಗೆ ಉಳಿದಿದ್ದವು. ಆದ್ದರಿಂದ ಅಲ್ಲಿ ಉರಿಯಬೇಕಾದದ್ದು ಸ್ವದೇಶದ ಯುರೇನಿಯಮ್ಮೇ. ನಾಲ್ಕನೆಯ ಘಟಕ ಹೊತ್ತಿಕೊಂಡದ್ದು 2010ರ ನವೆಂಬರ್ 27ರಂದು.

ಕಥೆ ಮತ್ತೆ ನಮ್ಮ ಕಲ್ಲಿಗೆ ಬರುವುದು ಇಲ್ಲಿ. ಶಹಾಬಾದ, ವಾಡಿ, ಸೇಡಂಗಳ ಸುಣ್ಣಗಲ್ಲು ಭೀಮಾ ತೀರದ ಒಂದೇ ಪುರಾತನ ಹಾಸಿನದು. ಅದೇ ಹಾಸು ದಕ್ಷಿಣಕ್ಕೆ ಶಹಾಪುರ ತಾಲ್ಲೂಕಿನ ಗೋಗಿಯವರೆಗೂ ಹೋಗುತ್ತದೆ. ಬಿಜಾಪುರದ ಯೂಸುಫ್ ಆದಿಲ್ ಶಹನ ಗೋರಿ ಇರುವುದು ಆ ಗೋಗಿಯಲ್ಲಿ, ಚಂದಾ ಹುಸೇನಿಯವರ ದರ್ಗಾದ ಮಗ್ಗುಲಲ್ಲಿ. ಅಲ್ಲಿ ನೆಲ ಸೀಳಿ ಜಾರಿದ ಬಿರುಕಿನುದ್ದಕ್ಕೂ, ಸುಣ್ಣಗಲ್ಲು ಕಣಶಿಲೆಯನ್ನು ಸಂಧಿಸುವ ಕಡೆ, ಯುರೇನಿಯಂ ಇರುವುದನ್ನು ಪರಮಾಣು ಖನಿಜಗಳ ನಿರ್ದೇಶನಾಲಯದವರು ಪತ್ತೆಮಾಡಿದರು. ಝಾರ್ಖಂಡದ ಜಾದೂಗುಡಾದ ಅದಿರಿಗಿಂತ ಇದು ಸತ್ತ್ವದಲ್ಲಿ ಹೆಚ್ಚಿನದು. ಪರೀಕ್ಷಾರ್ಥವಾಗಿ ಸುರಂಗ ತೋಡಿದರು, ಊರವರು ವಿರೋಧಿಸಿದರು. ಗೋಗಿಯ ಸುತ್ತಲಿನ ಬಾವಿಗಳ ನೀರಿನಲ್ಲಿ ಯುರೇನಿಯಮ್ಮಿನ ಅಂಶ ಮಿತಿಗಿಂತ ಹೆಚ್ಚಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕಲ್ಲೇ ಅಂಥದು, ಗಣಿಯಿಲ್ಲದೆಯೂ ನೀರಿಗೆ ಅಷ್ಟು ಇಳಿಯುತ್ತದೆ ಎನ್ನುವವರಿದ್ದಾರೆ; ಅಗೆದರೆ ಇನ್ನೆಷ್ಟು ಇಳಿದೀತು ಎಂದು ಕೇಳುವವರೂ ಇದ್ದಾರೆ. ಎರಡೂ ನ್ಯಾಯವಾದ ಮಾತುಗಳೇ.

ಕೈಗಾದ ಐದು ಮತ್ತು ಆರನೆಯ ಘಟಕಗಳಿಗಾಗಿ 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಒಂದೊಂದೂ 700 ಮೆಗಾವಾಟಿನವು, ಹಿಂದಿನ 220ರ ಮೂರರಷ್ಟಕ್ಕೂ ಮಿಗಿಲು. ಜನ ಬಂದರು, ಬಹಳ ಮಂದಿ ಬೇಡವೆಂದರು, ಅದು ಬರೆಹಕ್ಕಿಳಿಯಿತು. 2019ರಲ್ಲಿ ಪರಿಸರದ ಒಪ್ಪಿಗೆ ಬಂತು. ಆ ಸಭೆಯಲ್ಲಿ ಕಾಡಿನ, ನೀರಿನ, ಊರಿನ ಮಾತು ಆಡಲು ಅವಕಾಶವಿತ್ತು. ಗುಮ್ಮಟದ ಸರಳುಗಳ ಲೆಕ್ಕವನ್ನು ಕೇಳುವ ಸಭೆ ಅದಾಗಿರಲಿಲ್ಲ.