ಲೋಕಾಯುಕ್ತ ನಡೆದು ಬಂದ ದಾರಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ತೊಗರಿ, ಸಾಲ, ಗೊಬ್ಬರದ ಮಾತು ಸ್ವಲ್ಪ ಬದಿಗಿಟ್ಟು ಲೋಕಾಯುಕ್ತದ ಇತಿಹಾಸ ಬರೆಯಬೇಕೆಂದು ಮನಸ್ಸಾಯಿತು. ಯಾಕಂದರ ಸಂಘ ನಡೆಯುವುದು ರೊಕ್ಕದ ಮೇಲೆ, ರೊಕ್ಕ ನಿಲ್ಲುವುದು ಲೆಕ್ಕದ ಮೇಲೆ. ಲೆಕ್ಕ ಕೇಳುವವರು ಊರಿಗೂ ಬೇಕು, ರಾಜ್ಯಕ್ಕೂ ಬೇಕು. 'ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ' ಎಂಬ ಗಾದೆಯನ್ನು ಪಹಣಿ, ಪೋಡಿ ಎಂದು ಕಚೇರಿಗೆ ಎಡತಾಕಿದ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಧಿಕಾರಿಗಳ ಮೇಲೆ ಜನರ ದೂರು ಕೇಳಲು ಒಬ್ಬರನ್ನು ನೇಮಿಸುವ ಪದ್ಧತಿ ಸ್ವೀಡನ್ ದೇಶದಲ್ಲಿ 1809ರಲ್ಲೇ ಬಂದಿತ್ತು. ನಮ್ಮ ದೇಶದಲ್ಲಿ ಮೊರಾರ್ಜಿ ದೇಸಾಯಿಯವರ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದು ಶಿಫಾರಸು ಮಾಡಿತು. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ 1971ರಲ್ಲಿ ಕಾಯ್ದೆ ಆಯಿತು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರ 1984ರಲ್ಲಿ ಕಾಯ್ದೆ ತಂದಿತು. 1986ರಲ್ಲಿ ಕಚೇರಿ ಆರಂಭವಾಗಿ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರಾದರು.

ಆದರೆ ಹಳ್ಳಿಯವರ ಬಾಯಿಗೆ ಈ ಹೆಸರು ಬಂದದ್ದು 2001ರಿಂದ 2006ರವರೆಗೆ ನ್ಯಾ. ಎನ್. ವೆಂಕಟಾಚಲ ಅವರಿದ್ದಾಗ. ಅವರು ಹೇಳದೆ ಕೇಳದೆ ಕಚೇರಿ, ಆಸ್ಪತ್ರೆಗಳಿಗೆ ಹೋಗಿ ನಿಲ್ಲುತ್ತಿದ್ದರು. ನಂತರ ಬಂದ ನ್ಯಾ. ಸಂತೋಷ ಹೆಗ್ಡೆಯವರು 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದೇ ತಿಂಗಳು ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಗಣಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. ಇದರಿಂದ ತಿಳಿಯುವುದೇನೆಂದರೆ, ಲೋಕಾಯುಕ್ತ ವಿಚಾರಣೆ ಮಾಡಿ ವರದಿ ಕೊಡಬಹುದು. ಕ್ರಮ ತಗೊಳ್ಳುವುದು ಸರಕಾರ, ಶಿಕ್ಷೆ ಕೊಡುವುದು ಕೋರ್ಟು.

ಕಾವಲುಗಾರನಿಗೂ ಕಾವಲು ಬೇಕಾದ ಕಾಲವೂ ಬಂತು. 2015ರಲ್ಲಿ ಲೋಕಾಯುಕ್ತ ಕಚೇರಿಯ ಒಳಗೇ ಸುಲಿಗೆ ನಡೆದ ಆರೋಪ ಎದ್ದು, ಆ ವರ್ಷದ ಡಿಸೆಂಬರಿನಲ್ಲಿ ಆಗಿನ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರ ಮಾರ್ಚಿನಲ್ಲಿ ಸರಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರ ಎಸಿಬಿ, ಮಾಡಿ ಲಂಚದ ಪ್ರಕರಣಗಳನ್ನು ಅದಕ್ಕೆ ಒಪ್ಪಿಸಿತು. ಲೋಕಾಯುಕ್ತ ಹಲ್ಲು ಕಿತ್ತ ಹಾವಿನಂತಾಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿ ಪೊಲೀಸ್ ಅಧಿಕಾರವನ್ನು ಲೋಕಾಯುಕ್ತಕ್ಕೇ ಮರಳಿ ಕೊಟ್ಟಿತು.

ಈಗ ನಮ್ಮ ಪಾಲಿನ ಕೆಲಸ. ಕಟ್ಟೆಯ ಮೇಲೆ ಕೂತು ಬೈದರೆ ಅದು ದೂರು ಆಗುವುದಿಲ್ಲ. ನಮೂನೆಯಲ್ಲಿ ಬರೆದು, ಪ್ರಮಾಣಪತ್ರ ಮಾಡಿಸಿ, ಐದು ವರ್ಷದ ಒಳಗಿನ ಸಂಗತಿಗೆ ಆಧಾರ ಇಟ್ಟು ಕೊಡಬೇಕು. ಲಂಚ ಕೇಳಿದರೆ ಕೊಡುವ ಮೊದಲೇ ಕಲಬುರಗಿಯ ಲೋಕಾಯುಕ್ತ ಪೊಲೀಸರಿಗೆ ತಿಳಿಸಬೇಕು. ಅವರು ನೋಟಿಗೆ ಪುಡಿ ಹಚ್ಚಿ ಕಳಿಸುತ್ತಾರೆ. ಮುಟ್ಟಿದವನ ಕೈ ದ್ರಾವಣದಲ್ಲಿ ತೊಳೆದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟವನು ಏಳು ದಿವಸದೊಳಗೆ ತಿಳಿಸಿದರೆ ಮಾತ್ರ ಪಾರು.

ಇನ್ನೊಂದು ಮಾತು. ಸಹಕಾರ ಸಂಘದ ಪಗಾರ ತಿನ್ನುವವರೂ ಲೋಕಾಯುಕ್ತ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ನೌಕರರೇ. ಆದ್ದರಿಂದ ಸರಕಾರಿ ಕಚೇರಿಯ ಕಡೆ ಬೊಟ್ಟು ಮಾಡುವ ಮೊದಲು ನಮ್ಮ ಸಾಲದ ವಹಿ, ಗೊಬ್ಬರದ ದಾಸ್ತಾನು, ತೊಗರಿ ಖರೀದಿಯ ತೂಕ ಯಾವ ಸದಸ್ಯ ಕೇಳಿದರೂ ತೆರೆದು ತೋರಿಸುವಂತಿರಬೇಕು. ಸದಸ್ಯರು ವಾರ್ಷಿಕ ಮಹಾಸಭೆಗೆ ಬಂದು, ಸಹಿ ಹಾಕಿ, ಚಹಾ ಕುಡಿದು ಹೋಗದೆ, ಜಮಾ ಖರ್ಚು ಓದಿಸಿ ಪ್ರಶ್ನೆ ಕೇಳಬೇಕೆಂದು ನಿರ್ದೇಶಕನಾಗಿ ವಿನಂತಿಸುತ್ತೇನೆ.